ಸಿಂಧುಪಾಲ್ಚೋಕ್‌ನ ವಿದ್ಯಾರ್ಥಿ ಸೇವಾಯಾತ್ರೆ: ಕೊಟ್ಟ ಶುಲ್ಕ, ನಡೆದ ಕೆಲಸ

ನೇಪಾಳದ ಬೆಟ್ಟಸೀಮೆಯ ಬಡ ಕುಟುಂಬಗಳಿಗೆ ಮನೆ, ಅಡುಗೆಮನೆ, ಕೊಟ್ಟಿಗೆ ಕಟ್ಟಿಕೊಳ್ಳಲು ನೆರವಾಗುವ ವಿದ್ಯಾರ್ಥಿ ಸ್ವಯಂಸೇವಾ ಕಾರ್ಯಕ್ರಮಗಳನ್ನು ಕಾಠ್ಮಂಡುವಿನ ಹಲವು ಸಂಸ್ಥೆಗಳು ಶುಲ್ಕ ಪಡೆದು ನಡೆಸುತ್ತವೆ. ಅಂಥ ಒಂದು ಸಂಸ್ಥೆಯ ಮೂಲಕ ನಮ್ಮ ಕಾಲೇಜಿನ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳ ತಂಡವನ್ನು ಕಳೆದ ಮಳೆಗಾಲದ ಆರಂಭದಲ್ಲಿ ಸಿಂಧುಪಾಲ್ಚೋಕ್ ಜಿಲ್ಲೆಗೆ ಕರೆದೊಯ್ದ ಅಧ್ಯಾಪಕ ನಾನು. ಬೇರೆ ಕಾಲೇಜುಗಳ ಎನ್ಎಸ್ಎಸ್ ಅಧಿಕಾರಿಗಳು ಹೇಗಿತ್ತು, ಕಳಿಸಬಹುದೇ ಎಂದು ಆಗಾಗ ಕೇಳುತ್ತಿರುವುದರಿಂದ ವಿವರವಾಗಿಯೇ ಬರೆಯುತ್ತಿದ್ದೇನೆ. ಊರಿನವರೊಂದಿಗೆ ಸಂಸ್ಥೆಗಿರುವ ಸಂಬಂಧ ಗಟ್ಟಿಯಾದದ್ದು, ವಸತಿ ಮತ್ತು ಊಟಕ್ಕೆ ಹೆಸರಿಡುವಂತಿಲ್ಲ. ಆದರೆ ಕಾರ್ಯಕ್ರಮದ ವೇಳಾಪಟ್ಟಿಯನ್ನು ಊರಿನ ಹಂಗಾಮನ್ನು ನೋಡಿ ಮಾಡಿಲ್ಲ, ವಿದ್ಯಾರ್ಥಿಗಳ ರಜೆಯನ್ನು ನೋಡಿ ಮಾಡಿದ್ದಾರೆ. ಕೊನೆಯಲ್ಲಿ ಸೇರಿಸಿದ ಮಕ್ಕಳ ಮನೆಯ ಭೇಟಿಯಂತೂ ಇರಲೇಬಾರದಿತ್ತು.

ಮೊದಲು ಪ್ರಯಾಣ ಮತ್ತು ಖರ್ಚಿನ ಮಾತು. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಕಿಲ್ಲ. ವಿಮಾನದಲ್ಲಿ ಹೋಗುವವರಿಗೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಗುರುತಿನ ಚೀಟಿ ಕಡ್ಡಾಯ, ಆಧಾರ್ ಕಾರ್ಡ್ ಒಂದನ್ನೇ ನಂಬಿ ವಿಮಾನ ನಿಲ್ದಾಣಕ್ಕೆ ಹೋದ ವಯಸ್ಕ ವಿದ್ಯಾರ್ಥಿ ಅಲ್ಲಿಂದಲೇ ಮನೆಗೆ ಮರಳಬೇಕಾಗುತ್ತದೆ. ನಾವು ಖರ್ಚು ಉಳಿಸಲು ಯಶವಂತಪುರದಿಂದ ಗೋರಖಪುರದವರೆಗೆ ರೈಲಿನಲ್ಲಿ ಹೋಗಿ, ಸುನೌಲಿ ಗಡಿಯನ್ನು ದಾಟಿ, ಅಲ್ಲಿಂದ ಮುಂದೆ ಸಂಸ್ಥೆಯ ಬಸ್ಸಿನಲ್ಲಿ ಪ್ರಯಾಣಿಸಿದೆವು. ಭಾರತದ 1 ರೂಪಾಯಿಗೆ ನೇಪಾಳದ 1.60 ರೂಪಾಯಿ ಎಂಬ ಸ್ಥಿರ ದರ 1993ರಿಂದಲೂ ಬದಲಾಗಿಲ್ಲವಾದ್ದರಿಂದ ಲೆಕ್ಕ ಹಾಕುವುದು ಸುಲಭ. ರೈಲು ಚಾರ್ಜು ಬಿಟ್ಟು ಸಂಸ್ಥೆಗೆ ಕಟ್ಟಿದ್ದು ತಲಾ ಸುಮಾರು 35,000 ಭಾರತೀಯ ರೂಪಾಯಿ. ನಮ್ಮ ಕಡೆಯ ಮಧ್ಯಮವರ್ಗದ ಮನೆಗಳಿಗೆ ಇದು ಸಣ್ಣ ಮೊತ್ತವೇನಲ್ಲ.

ಪ್ರಯಾಣದ ವಿಷಯದಲ್ಲಿ ಸಂಸ್ಥೆಯನ್ನು ಮೆಚ್ಚಲೇಬೇಕು. ಗಡಿಯಿಂದ ಕಾಠ್ಮಂಡುವಿಗೆ ರಾತ್ರಿ ಬಸ್ಸಿನಲ್ಲಿ ಕರೆದೊಯ್ಯಲು ಅವರು ಸುತರಾಂ ಒಪ್ಪಲಿಲ್ಲ. 2024ರ ಜುಲೈ 12ರ ನಸುಕಿನಲ್ಲಿ ನಾರಾಯಣಘಾಟ್–ಮುಗ್ಲಿಂಗ್ ರಸ್ತೆಯ ಸಿಮಲ್ತಾಲ್ ಎಂಬಲ್ಲಿ ಗುಡ್ಡ ಕುಸಿದು, ಅರವತ್ತಕ್ಕೂ ಹೆಚ್ಚು ಜನರಿದ್ದ ಎರಡು ಬಸ್ಸುಗಳು ತ್ರಿಶೂಲಿ ನದಿಗೆ ಬಿದ್ದು ಕೊಚ್ಚಿಹೋದ ದುರಂತವನ್ನು ಅವರು ಮರೆತಿಲ್ಲ. ಹಗಲಿನಲ್ಲಿಯೇ ಹೊರಟು, ಮಧ್ಯೆ ಒಂದು ರಾತ್ರಿ ತಂಗಿ ಹೋದೆವು. ಖರ್ಚು ತುಸು ಏರಿತಾದರೂ ಪೋಷಕರಿಗೆ ಉತ್ತರ ಹೇಳಬೇಕಾದ ನನಗೆ ಅದು ನೆಮ್ಮದಿ ತಂದಿತು. ಕಾಠ್ಮಂಡುವಿನಿಂದ ಮುಂದೆ ಅರನಿಕೋ ಹೆದ್ದಾರಿಯಲ್ಲಿ ಧುಲಿಖೇಲ್ ದಾಟಿ ದೋಲಾಲ್‌ಘಾಟಿಗೆ ಇಳಿದು, ಚೌತಾರಾದ ಕಡೆಗೆ ಮತ್ತೆ ಬೆಟ್ಟ ಹತ್ತಬೇಕು. ಮಳೆಯಲ್ಲಿ ಆ ರಸ್ತೆಯ ಕೊನೆಯ ಭಾಗ ರಸ್ತೆಯಾಗಿ ಉಳಿದಿರಲಿಲ್ಲ. ಸಾಮಾನು ಹೊತ್ತು ನಡೆದೇ ಊರು ಸೇರಿದೆವು.

ಆ ಜಿಲ್ಲೆಯನ್ನೇ ಏಕೆ ಆರಿಸಿಕೊಂಡಿದ್ದಾರೆ ಎಂಬುದಕ್ಕೆ ಹಿನ್ನೆಲೆ ಬೇಕು. 2015ರ ಏಪ್ರಿಲ್ 25ರ ಶನಿವಾರ ಮಧ್ಯಾಹ್ನಕ್ಕೆ ಮುಂಚೆ ಗೋರ್ಖಾ ಜಿಲ್ಲೆಯ ಬಾರ್ಪಾಕ್ ಬಳಿ 7.8 ತೀವ್ರತೆಯ ಭೂಕಂಪ ಸಂಭವಿಸಿತು. ಮೇ 12ರಂದು 7.3 ತೀವ್ರತೆಯ ಇನ್ನೊಂದು ಕಂಪನ ಬಂತು. ಎರಡರಿಂದಲೂ ಸೇರಿ ಸುಮಾರು 9,000 ಜನ ಸತ್ತರು. ಅವರಲ್ಲಿ 3,500ಕ್ಕೂ ಹೆಚ್ಚು ಮಂದಿ ಸಿಂಧುಪಾಲ್ಚೋಕ್ ಒಂದೇ ಜಿಲ್ಲೆಯವರು. ನೇಪಾಳದಲ್ಲಿ ಶನಿವಾರ ವಾರದ ರಜೆಯಾದ್ದರಿಂದ ಶಾಲೆಗಳಲ್ಲಿ ಮಕ್ಕಳಿರಲಿಲ್ಲ, ಇಲ್ಲದಿದ್ದರೆ ಈ ಸಂಖ್ಯೆ ಎಲ್ಲಿಗೆ ಹೋಗುತ್ತಿತ್ತೋ. ಬೆಟ್ಟದ ಹಳ್ಳಿಗಳ ಮನೆಗಳೆಲ್ಲ ಮಣ್ಣಿನ ಗಾರೆಯಲ್ಲಿ ಕಾಡುಗಲ್ಲು ಜೋಡಿಸಿ ಕಟ್ಟಿದ ದಪ್ಪ ಗೋಡೆಯವು. ಒಳಮೈ ಮತ್ತು ಹೊರಮೈಯನ್ನು ಹಿಡಿದಿಡುವ ಅಡ್ಡಗಲ್ಲುಗಳಿಲ್ಲದ ಅಂಥ ಗೋಡೆ ಅಲುಗಿದಾಗ ಎರಡು ಪದರಗಳಾಗಿ ಸೀಳಿ ಒಳಗಿದ್ದವರ ಮೇಲೆಯೇ ಕುಸಿಯುತ್ತದೆ. ನಮ್ಮ ರಾಜ್ಯದ ಗಡಿಯಾಚೆ, ಮಹಾರಾಷ್ಟ್ರದ ಲಾತೂರಿನ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ಭೂಕಂಪದಲ್ಲಿ ಆದದ್ದೂ ಇದೇ. ಬೀದರ್ ಮತ್ತು ಕಲಬುರಗಿ ಕಡೆಯ ವಿದ್ಯಾರ್ಥಿಗಳು ಈ ಕಥೆಯನ್ನು ಅಜ್ಜ ಅಜ್ಜಿಯರ ಬಾಯಲ್ಲಿ ಕೇಳಿರುವುದರಿಂದ ಅವರಿಗೆ ನಾನು ಹೆಚ್ಚು ವಿವರಿಸಬೇಕಾಗಲಿಲ್ಲ.

ಭೂಕಂಪದ ನಂತರ ನೇಪಾಳ ಸರ್ಕಾರ ಪುನರ್ನಿರ್ಮಾಣ ಪ್ರಾಧಿಕಾರವನ್ನು ಸ್ಥಾಪಿಸಿ, ಮನೆ ಕಳೆದುಕೊಂಡ ಪ್ರತಿ ಕುಟುಂಬಕ್ಕೆ 3 ಲಕ್ಷ ನೇಪಾಳಿ ರೂಪಾಯಿಗಳನ್ನು ಮೂರು ಕಂತುಗಳಲ್ಲಿ ಕೊಟ್ಟಿತು. ಮೊದಲು 50,000, ತಳಪಾಯ ಮುಗಿದು ಎಂಜಿನಿಯರ್ ನೋಡಿ ಒಪ್ಪಿದ ಮೇಲೆ 1,50,000, ಗೋಡೆ ಎದ್ದ ಮೇಲೆ ಉಳಿದ 1,00,000. ಕಂತಿಗೆ ಗಡುವಿತ್ತು, ಕಲ್ಲು ಮರಳಿನ ಬೆಲೆ ಗಗನಕ್ಕೇರಿತ್ತು. ಹೀಗಾಗಿ ಬಹಳಷ್ಟು ಕುಟುಂಬಗಳು ನಿಯಮಕ್ಕೆ ಸಾಲುವಷ್ಟು, ಅಂದರೆ ಒಂದೋ ಎರಡೋ ಕೋಣೆಯ ಭದ್ರವಾದ ಪುಟ್ಟ ಮನೆಯನ್ನು ಕಟ್ಟಿ ಕಂತು ಪಡೆದವು. ಭತ್ತ, ರಾಗಿ, ಆಡು, ಎಮ್ಮೆ, ಒಲೆ ಇವಕ್ಕೆಲ್ಲ ಆ ಮನೆಯಲ್ಲಿ ಜಾಗವಿಲ್ಲ. ನಾವಿದ್ದ ಮನೆಯವರೂ ಮಲಗುತ್ತಿದ್ದದ್ದು ಸರ್ಕಾರಿ ಕಂತಿನ ಮನೆಯಲ್ಲಿ, ಅಡುಗೆ ಮಾಡುತ್ತಿದ್ದದ್ದು ಬಿರುಕು ಬಿಟ್ಟ ಹಳೆಯ ಗೋಡೆಗೆ ತಗಡು ಒರಗಿಸಿದ ಮಾಡಿನಲ್ಲಿ. ಸಂಸ್ಥೆ ಈಗ ಕೈಗೆತ್ತಿಕೊಂಡಿರುವುದು ಈ ಎರಡನೆಯ ಕಟ್ಟಡವನ್ನೇ. ಪುಟ್ಟ ಮನೆಯ ಪಕ್ಕದಲ್ಲಿ ಅದೇ ನಿಯಮದಂತೆ ಅಡುಗೆಮನೆ ಮತ್ತು ಕಾಳಿನ ಕೋಣೆ ಕಟ್ಟಿಕೊಡುವ ಈ ಆಲೋಚನೆ ನೂರಕ್ಕೆ ನೂರು ಸರಿ. ಊರಿನ ನಿಜವಾದ ಕೊರತೆಯನ್ನು ಬಲ್ಲವರು ಮಾತ್ರ ಹೀಗೆ ಯೋಚಿಸಬಲ್ಲರು.

ತೊಂದರೆ ಇದ್ದದ್ದು ಕಾಲದ್ದು. ಮಣ್ಣಿನ ಗಾರೆಯ ಕಲ್ಲುಗೋಡೆಯನ್ನು ಒಂದೇ ದಿನಕ್ಕೆ ಸುಮಾರು ಎರಡು ಅಡಿಗಿಂತ ಹೆಚ್ಚು ಏರಿಸಬಾರದು, ಕೆಳಗಿನ ವರಸೆ, ಅಂದರೆ ಕಲ್ಲಿನ ಸಾಲು, ಬಿಗಿಯಾದ ಮೇಲೆಯೇ ಮೇಲಿನದನ್ನು ಇಡಬೇಕು. ಇದನ್ನು ನಾನು ತರಗತಿಯಲ್ಲಿ ಪಾಠ ಮಾಡುತ್ತೇನೆ, ಆ ಊರಿನ ಮೇಸ್ತ್ರಿ ಪಾಠವಿಲ್ಲದೆಯೇ ಬಲ್ಲ. ಆಷಾಢದ ಮಳೆಯಲ್ಲಿ ಮಣ್ಣು ಬಿಗಿಯಾಗುವುದಾದರೂ ಹೇಗೆ? ತಳಪಾಯ ಮತ್ತು ಅದರ ಮೇಲಿನ ಕಾಂಕ್ರೀಟ್ ಪಟ್ಟಿ ಹೇಗೋ ಮುಗಿದವು. ಕಿಟಕಿಯ ಮಟ್ಟ ತಲುಪುವ ಹೊತ್ತಿಗೆ ಟಾರ್ಪಾಲು ಹೊದಿಸಿದ್ದರೂ ಪಶ್ಚಿಮದ ಗೋಡೆ ಹೊಟ್ಟೆ ಬಿಟ್ಟಿತು. ಮೇಸ್ತ್ರಿ ಬೆಳಿಗ್ಗೆ ಬಂದವನೇ ತೂಗುಗುಂಡು ಇಳಿಬಿಟ್ಟು ನೋಡಿ, ಯಾರಿಗೂ ಏನೂ ಹೇಳದೆ ಮೇಲಿನ ವರಸೆಗಳನ್ನು ಬಿಚ್ಚಿ ಕಲ್ಲುಗಳನ್ನು ಪಕ್ಕಕ್ಕೆ ಪೇರಿಸಿದ. ಹಿಂದಿನ ದಿನವಿಡೀ ಆ ಕಲ್ಲುಗಳನ್ನು ಹಣೆಪಟ್ಟಿಯ ಬೆತ್ತದ ಬುಟ್ಟಿಯಲ್ಲಿ ಹೊತ್ತು ತಂದಿದ್ದ ಹುಡುಗರ ಮುಖ ಬಾಡಿತು. ಸಂಸ್ಥೆಯ ಮೇಲ್ವಿಚಾರಕರು ‘ಮಳೆಗಾಲದಲ್ಲಿ ಹೀಗೆ ಆಗುವುದು ಸಾಮಾನ್ಯ’ ಎಂದರು. ಸಾಮಾನ್ಯವೆಂದು ಗೊತ್ತಿದ್ದ ಮೇಲೆ ಆ ಕಾಲದಲ್ಲಿ ಗೋಡೆ ಕಟ್ಟಿಸುವ ಕಾರ್ಯಕ್ರಮವನ್ನು ಮಾರುವುದು ಏಕೆ? ಜೂನ್, ಜುಲೈ ತಿಂಗಳುಗಳಲ್ಲಿ ಅನೇಕ ದೇಶಗಳ ಕಾಲೇಜುಗಳಿಗೆ ರಜೆ ಇರುತ್ತದೆ, ಆಗ ತಂಡಗಳು ಹೆಚ್ಚು ಬರುತ್ತವೆ ಎಂಬುದೇ ಉತ್ತರ.

ಕಲಿಕೆಯ ದೃಷ್ಟಿಯಿಂದ ನೋಡಿದರೆ ಆ ಬಿಚ್ಚಿದ ಗೋಡೆ ವಿದ್ಯಾರ್ಥಿಗಳಿಗೆ ನಷ್ಟವಾಗಲಿಲ್ಲ. ಎರಡಡಿ ಎತ್ತರಕ್ಕೊಂದು ಸಾಲು, ಸಾಲಿನಲ್ಲಿ ನಾಲ್ಕಡಿಗೊಂದರಂತೆ ಗೋಡೆಯ ಪೂರಾ ದಪ್ಪಕ್ಕೆ ಹಾಯುವ ಅಡ್ಡಗಲ್ಲು ಇರಬೇಕೆಂದು ಪುಸ್ತಕದಲ್ಲಿ ಓದುವುದು ಬೇರೆ, ಆ ಉದ್ದದ ಕಲ್ಲನ್ನು ಹಳ್ಳದಲ್ಲಿ ಹುಡುಕಿ, ಸಿಗದೆ, ಎರಡು ಕಲ್ಲುಗಳನ್ನು ಮೇಲೊಂದು ಪಕ್ಕಕ್ಕೊಂದು ಕಚ್ಚಿಸಿ ಅದರ ಕೆಲಸ ಮಾಡಿಸುವುದನ್ನು ಕಣ್ಣಾರೆ ನೋಡುವುದು ಬೇರೆ. ಆದರೆ ನಾನು ವಿಮರ್ಶಿಸುತ್ತಿರುವುದು ತರಬೇತಿ ಶಿಬಿರವನ್ನಲ್ಲ. ಕುಟುಂಬಕ್ಕೆ ನೆರವಾಗುತ್ತೇವೆಂದು ಹೇಳಿ ಹಣ ಪಡೆದ ಸೇವೆಯಿದು. ಕುಟುಂಬದ ಮಟ್ಟಿಗೆ ಆ ಗೋಡೆಯ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಗೋಡೆಯ ಕೆಲಸ ನಿಂತ ಮೇಲೆ ಏನು ಮಾಡುವುದೆಂದು ಮೇಲ್ವಿಚಾರಕರು ಚಿಂತಿಸುತ್ತಿದ್ದಾಗ ದಾರಿ ತೋರಿಸಿದವರು ಮನೆಯೊಡತಿ. ಮಕ್ಕಳೆಲ್ಲ ‘ದೀದಿ’ ಎಂದು ಕರೆಯುತ್ತಿದ್ದ ಆಕೆಯ ಗಂಡ ಕತಾರಿನಲ್ಲಿದ್ದಾನೆ, ದೊಡ್ಡ ಮಗ ಬೆಂಗಳೂರಿನ ಹೋಟೆಲೊಂದರ ಅಡುಗೆಮನೆಯಲ್ಲಿದ್ದಾನೆ. ಆ ಊರಿನ ಮನೆಮನೆಯ ಕಥೆಯೂ ಇದೇ. ಹೊರದೇಶಗಳಲ್ಲಿ ದುಡಿಯುವವರು ಕಳಿಸುವ ಹಣ ನೇಪಾಳದ ಒಟ್ಟು ಉತ್ಪನ್ನದ ಕಾಲುಭಾಗದಷ್ಟಿದೆ. ಹಣ ಬರುತ್ತದೆ, ನಾಟಿಯ ಕಾಲಕ್ಕೆ ಕೈಗಳು ಬರುವುದಿಲ್ಲ. ಗದ್ದೆಗೆ ನೀರು ನಿಂತಿದೆ, ಸಸಿ ಬಲಿಯುತ್ತಿದೆ, ಹುಡುಗರನ್ನು ಸುಮ್ಮನೆ ಕೂರಿಸುವ ಬದಲು ನಾಟಿಗೆ ಕಳಿಸಿ ಎಂದು ಆಕೆ ಕೇಳಿದರು. ಕಾರ್ಯಕ್ರಮದ ಪಟ್ಟಿಯಲ್ಲಿಲ್ಲದ ಈ ಕೆಲಸಕ್ಕೆ ಸಂಸ್ಥೆ ಮೊದಲು ಹಿಂಜರಿದು, ನಾನು ಲಿಖಿತ ಒಪ್ಪಿಗೆ ಕೊಟ್ಟ ಮೇಲೆ ಒಪ್ಪಿತು.

ಆ ಬೆಟ್ಟಗಳಲ್ಲಿ ನಾಟಿ ನಡೆಯುವುದು ಪರ್ಮಾ ಎಂಬ ಪದ್ಧತಿಯ ಮೇಲೆ. ಇಂದು ನಿಮ್ಮ ಗದ್ದೆಗೆ ನಮ್ಮ ಮನೆಯಿಂದ ಒಬ್ಬರು, ನಾಳೆ ನಮ್ಮ ಗದ್ದೆಗೆ ನಿಮ್ಮ ಮನೆಯಿಂದ ಒಬ್ಬರು. ಕೂಲಿಯ ಮಾತಿಲ್ಲ, ಆಳಿಗೆ ಆಳು. ನಮ್ಮ ಮಲೆನಾಡಿನ ಮುಯ್ಯಾಳನ್ನು ಬಲ್ಲವರಿಗೆ ಇದರಲ್ಲಿ ಹೊಸತೇನೂ ಇಲ್ಲ. ದೀದಿಯ ಮನೆಯಿಂದ ಕಳಿಸಲು ಆಕೆ ಮತ್ತು ಶಾಲೆಗೆ ಹೋಗುವ ಮಗಳು ಇಬ್ಬರೇ ಇದ್ದುದರಿಂದ ಅವರಿಗೆ ಹಿಂತಿರುಗಿ ಬರಬೇಕಾದ ಆಳುಗಳೂ ಕಡಿಮೆ, ಆದ್ದರಿಂದ ಅವರ ಗದ್ದೆ ಪ್ರತಿ ವರ್ಷವೂ ಎಲ್ಲರದಕ್ಕಿಂತ ಕೊನೆಗೆ ನಾಟಿಯಾಗುತ್ತಿತ್ತಂತೆ. ಈ ಬಾರಿ ನಮ್ಮ ವಿದ್ಯಾರ್ಥಿಗಳು ನೆರೆಯವರ ಗದ್ದೆಗಳಲ್ಲಿ ಮಾಡಿದ ಕೆಲಸವೆಲ್ಲ ಆಕೆಯ ಲೆಕ್ಕಕ್ಕೆ ಜಮೆಯಾಗಬೇಕೆಂದು ಹೆಂಗಸರೆಲ್ಲ ಕೂತು ತೀರ್ಮಾನಿಸಿದರು. ಮಗಳ ಶಾಲಾ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಮನೆಗಳ ಹೆಸರು ಬರೆದು, ಒಂದು ಆಳಿನ ದಿನಕ್ಕೆ ಒಂದು ಗೀಟು ಹಾಕುತ್ತಿದ್ದರು. ನಮ್ಮ ಹುಡುಗ ಹುಡುಗಿಯರಿಗೆ ಹಾಕಿದ್ದು ಅರ್ಧ ಗೀಟು!

ಅದು ನ್ಯಾಯವಾದ ಲೆಕ್ಕವೇ ಆಗಿತ್ತು. ಸಸಿಮಡಿಯಿಂದ ಸಸಿ ಕಿತ್ತು, ಬೇರಿನ ಕೆಸರು ತೊಳೆದು, ಕಟ್ಟು ಕಟ್ಟಿ ಎಸೆಯುವವರೆಗೂ ಎಲ್ಲ ಸರಿ. ಹಿಂದೆ ಹಿಂದೆ ಸರಿಯುತ್ತ, ಮೂರು ನಾಲ್ಕು ಎಳೆಗಳನ್ನು ಹೆಬ್ಬೆರಳಿನಿಂದ ಒತ್ತುವಾಗ ಆಳ ಹೆಚ್ಚಾದರೆ ಬುಡದಲ್ಲಿ ಹೊಸ ಕವಲು (ತೆಂಡೆ) ಒಡೆಯುವುದಿಲ್ಲ, ಕಡಿಮೆಯಾದರೆ ಸಸಿ ನೀರಿನಲ್ಲಿ ಏಳುತ್ತದೆ. ಬೆಂಗಳೂರಿನ ಹುಡುಗರು ಬೆಳಿಗ್ಗೆ ನೆಟ್ಟ ಸಾಲುಗಳು ಮಧ್ಯಾಹ್ನದ ಹೊತ್ತಿಗೆ ತೇಲುತ್ತಿದ್ದವು. ಹೆಂಗಸರು ನಗುತ್ತಲೇ ಅವನ್ನು ಮತ್ತೆ ಊರಿದರು. ನಾಟಿ ಹೆಂಗಸರ ಕೆಲಸ, ಬದು ಕೆತ್ತುವುದು ಮತ್ತು ಗದ್ದೆ ಸಮಮಾಡುವುದು ಗಂಡಸರ ಕೆಲಸ ಎಂಬ ವಿಂಗಡಣೆ ಅಲ್ಲಿ ಕಟ್ಟುನಿಟ್ಟಾಗಿದ್ದರೂ ಹುಡುಗರು ನಾಟಿಗೆ ಇಳಿದದ್ದನ್ನು ಯಾರೂ ತಡೆಯಲಿಲ್ಲ, ಹಾಡಿನ ಸಾಲುಗಳಲ್ಲಿ ಅವರನ್ನು ಸಾಕಷ್ಟು ಗೇಲಿ ಮಾಡಿದರು ಅಷ್ಟೆ. ತೀರ್ಥಹಳ್ಳಿ ಕಡೆಯ ವಿದ್ಯಾರ್ಥಿನಿಯೊಬ್ಬಳಿಗೆ ಮಾತ್ರ ಮೊದಲ ದಿನವೇ ಪೂರ್ತಿ ಗೀಟು ಸಿಕ್ಕಿತು. ‘ಸರ್, ನಂದು ಇನ್ನೂ ಅರ್ಧಾನೇನಾ?’ ಎಂದು ಉಳಿದವರು ಸಂಜೆ ಸಂಜೆ ಬಂದು ನೋಟುಪುಸ್ತಕ ಇಣುಕುತ್ತಿದ್ದರು. ಪರೀಕ್ಷೆಯ ಅಂಕಗಳಿಗೂ ಅವರು ಇಷ್ಟು ಕಾದದ್ದನ್ನು ನಾನು ಕಂಡಿಲ್ಲ. ನಾವು ಹೊರಡುವ ಮುನ್ನವೇ ದೀದಿಯ ಗದ್ದೆಗೆ ಅಕ್ಕಪಕ್ಕದ ಮನೆಗಳಿಂದ ಆಳುಗಳು ಬಂದು ನಾಟಿ ಮುಗಿಸಿಕೊಟ್ಟರು.

ನೇಪಾಳಿ ಪಂಚಾಂಗದ ಅಸಾರ್ ತಿಂಗಳ 15ನೆಯ ದಿನ, ಅಂದರೆ ಜೂನ್ ತಿಂಗಳ ಕೊನೆಗೆ, ನಾಟಿಯ ಹಬ್ಬ ಬರುತ್ತದೆ. ಅಂದು ಗದ್ದೆಯ ಬದುವಿನ ಮೇಲೆಯೇ ಎಲ್ಲರೂ ಮೊಸರವಲಕ್ಕಿ ತಿನ್ನುತ್ತಾರೆ. ಮೊಣಕೈವರೆಗೆ ಕೆಸರು ಮೆತ್ತಿಕೊಂಡ ನಮ್ಮ ಹುಡುಗರಿಗೆ ಕೈ ಕೆಸರಾದರೆ ಬಾಯಿ ಮೊಸರೆಂಬ ಗಾದೆ ನೆನಪಾಗದೆ ಇರುತ್ತದೆಯೇ, ಅದನ್ನು ಹಿಂದಿ ಭಾಷೆಯಲ್ಲಿ ಹೇಳಲು ಹೆಣಗಿ ಎಲ್ಲರನ್ನೂ ನಗಿಸಿದರು.

ವಸತಿ ಮತ್ತು ಊಟದ ಬಗ್ಗೆ ದೂರಿಲ್ಲ. ಎರಡೆರಡು ವಿದ್ಯಾರ್ಥಿಗಳನ್ನು ಒಂದೊಂದು ಮನೆಗೆ ಹಂಚಿದ್ದರು, ಹುಡುಗಿಯರನ್ನು ಒಂದೇ ಕೇರಿಯ ಮನೆಗಳಲ್ಲಿ ಇರಿಸಿದ್ದರು. ಎರಡು ಹೊತ್ತು ಬೇಳೆಸಾರು, ಅನ್ನ, ಪಲ್ಯ, ಹುಳಿಬರಿಸಿ ಒಣಗಿಸಿದ ಸೊಪ್ಪಿನ ಗುಂದ್ರುಕ್. ರಾಗಿ ಹಿಟ್ಟಿನ ಢಿಂಡೋ ಬಡಿಸಿದ ದಿನ ಮಂಡ್ಯದ ಹುಡುಗರು ಎರಡೆರಡು ಸಲ ನೀಡಿಸಿಕೊಂಡರು, ನುಂಗುವ ವಿದ್ಯೆಯನ್ನು ಯಾರೂ ಅವರಿಗೆ ಕಲಿಸಬೇಕಾಗಲಿಲ್ಲ. ಕುಡಿಯಲು ಕುದಿಸಿದ ನೀರನ್ನೇ ಕೊಡುತ್ತಿದ್ದರು. ಉಂಬಳಗಳ (ಜಿಗಣೆಗಳ) ಕಾಟ ಮಾತ್ರ ವಿಪರೀತ, ಉಪ್ಪಿನ ಪೊಟ್ಟಣ ಜೇಬಿನಲ್ಲಿರಲಿ. ಆತಿಥ್ಯ ಕೊಟ್ಟ ಮನೆಗಳಿಗೆ ತಲುಪಬೇಕಾದ ಹಣವನ್ನು ಸಂಸ್ಥೆ ನಮ್ಮೆದುರೇ ಮನೆಯ ಹೆಂಗಸರ ಕೈಗೆ ಕೊಟ್ಟು ಸಹಿ ಹಾಕಿಸಿಕೊಂಡದ್ದು ನನಗೆ ಹಿಡಿಸಿತು.

ಅದೇ ಊರಿನಲ್ಲಿ ಆಗ ಹೊರದೇಶದ ಚರ್ಚ್ ಕಾಲೇಜೊಂದರ ತಂಡವೂ ಇತ್ತು. ನೇಪಾಳದ 2015ರ ಸಂವಿಧಾನ ಮತಾಂತರವನ್ನು ನಿಷೇಧಿಸುತ್ತದೆ, 2018ರಿಂದ ಜಾರಿಯಲ್ಲಿರುವ ದಂಡಸಂಹಿತೆ ಅದಕ್ಕೆ ಜೈಲುಶಿಕ್ಷೆ ವಿಧಿಸುತ್ತದೆ. ಇದನ್ನು ಸಂಸ್ಥೆ ಮೊದಲ ದಿನವೇ ಎರಡೂ ತಂಡಗಳಿಗೆ ಬಿಡಿಸಿ ಹೇಳಿತು. ಆ ವಿದ್ಯಾರ್ಥಿಗಳು ಬೆಳಿಗ್ಗೆ ತಮ್ಮೊಳಗೇ ಪ್ರಾರ್ಥನೆ ಮುಗಿಸಿ ನಮ್ಮೊಂದಿಗೆ ಕಲ್ಲು ಹೊತ್ತರು, ಯಾರಿಗೂ ಏನನ್ನೂ ಬೋಧಿಸಲಿಲ್ಲ. ಪ್ರವಾಸಿ ವೀಸಾದ ಮೇಲೆ ಬಂದ ವಿದೇಶಿಯರು ನೇಪಾಳದಲ್ಲಿ ಸಂಬಳವಿಲ್ಲದ ಕೆಲಸವನ್ನೂ ಮಾಡುವಂತಿಲ್ಲ ಎಂಬ ನಿಯಮವಿದೆ. ವೀಸಾದ ಪ್ರಶ್ನೆಯೇ ಬಾರದ ನಮಗೆ ಅದು ತಟ್ಟುವುದಿಲ್ಲ. ಬೇರೆ ದೇಶಗಳಲ್ಲಿ ಓದುತ್ತಿರುವ, ಅಲ್ಲಿನ ಪೌರತ್ವ ಪಡೆದಿರುವ ಕನ್ನಡದ ಮಕ್ಕಳು ಇಂಥ ತಂಡಗಳಲ್ಲಿ ಹೊರಡುವ ಮುನ್ನ ಇದನ್ನು ಸಂಸ್ಥೆಯಿಂದ ಲಿಖಿತವಾಗಿ ಕೇಳಿ ತಿಳಿದುಕೊಳ್ಳಬೇಕು.

ಇನ್ನು ನನಗೆ ಸ್ವಲ್ಪವೂ ಒಪ್ಪಿಗೆಯಾಗದ ಭಾಗ. ಕಾಠ್ಮಂಡುವಿಗೆ ಮರಳಿದ ಮೇಲೆ ಕಾರ್ಯಕ್ರಮದ ಕೊನೆಯಲ್ಲಿ ‘ಅನಾಥ ಮಕ್ಕಳೊಂದಿಗೆ ಒಂದು ಮಧ್ಯಾಹ್ನ’ ಎಂದು ಸೇರಿಸಿದ್ದರು. ನಗರದ ಅಂಚಿನ ಒಂದು ಮಕ್ಕಳ ಮನೆ. ಮಕ್ಕಳು ಸಾಲಾಗಿ ನಿಂತು ಎರಡು ಹಾಡು ಹಾಡಿದರು, ನಮ್ಮವರ ಕೈಹಿಡಿದು ಆಡಿದರು, ಹೊರಡುವಾಗ ದೇಣಿಗೆಯ ಡಬ್ಬಿ ಬಂತು. ಆ ಹಾಡು ಆ ವಾರ ಎಷ್ಟನೆಯ ತಂಡಕ್ಕೋ ತಿಳಿಯದು, ಮಕ್ಕಳ ಮುಖದಲ್ಲಿ ಮಾತ್ರ ಅದು ದಿನನಿತ್ಯದ ಡ್ಯೂಟಿಯಂತೆ ಕಾಣುತ್ತಿತ್ತು. ನೇಪಾಳದ ಮಕ್ಕಳ ಮನೆಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಾಯಿಯೋ ತಂದೆಯೋ ಬದುಕಿದ್ದಾರೆ ಎಂದು ಯುನಿಸೆಫ್ ವರ್ಷಗಳಿಂದ ಎಚ್ಚರಿಸುತ್ತ ಬಂದಿದೆ. ಓದಿಸುತ್ತೇವೆಂದು ದಲ್ಲಾಳಿಗಳು ಬೆಟ್ಟದ ಹಳ್ಳಿಗಳಿಂದ ಮಕ್ಕಳನ್ನು ಕರೆತರುತ್ತಾರೆ. ಇಂಥ ಮನೆಗಳು ಹೆಚ್ಚಾಗಿ ಇರುವುದು ಬಡತನ ಹೆಚ್ಚಿರುವ ದೂರದ ಜಿಲ್ಲೆಗಳಲ್ಲಲ್ಲ, ಪ್ರವಾಸಿಗರು ಓಡಾಡುವ ಕಾಠ್ಮಂಡು ಕಣಿವೆ, ಪೋಖರಾ, ಚಿತವನಗಳಲ್ಲಿ. ಭೇಟಿ ಕೊಟ್ಟು ದೇಣಿಗೆ ಕೊಡುವವರು ಇರುವವರೆಗೆ ಮಕ್ಕಳನ್ನು ಮನೆಗೆ ಕಳಿಸಲು ಅಲ್ಲಿ ಯಾರಿಗೂ ಅವಸರವಿರುವುದಿಲ್ಲ. ನಾವು ಹೋದ ಮನೆಯೂ ಅಂಥದ್ದೇ ಎಂದು ನಾನು ಹೇಳುತ್ತಿಲ್ಲ. ಆದರೆ ಮಧ್ಯಾಹ್ನವೊಂದರ ಮಟ್ಟಿಗೆ ಬಂದುಹೋಗುವ ಅಪರಿಚಿತ ಯುವಕ ಯುವತಿಯರನ್ನು ಯಾವ ವಿಚಾರಣೆಯೂ ಇಲ್ಲದೆ ಮಕ್ಕಳ ಮಲಗುವ ಕೋಣೆಯವರೆಗೂ ಬಿಡುವ ಮನೆಯ ಮೇಲೆ ನನಗೆ ನಂಬಿಕೆ ಹುಟ್ಟಲಿಲ್ಲ. ನಮ್ಮ ಊರಿನ ಶಾಲೆಯೊಂದಕ್ಕೆ ಹೊರಗಿನವರು ಹೀಗೆ ನುಗ್ಗಿ ಮಕ್ಕಳ ಫೋಟೋ ತೆಗೆದರೆ ಪೋಷಕರು ಸುಮ್ಮನಿರುತ್ತಾರೆಯೇ? ನಾನು ಫೋಟೋ ತೆಗೆಯಬೇಡಿರೆಂದು ತಂಡಕ್ಕೆ ಹೇಳಿ, ಮೇಲ್ವಿಚಾರಕರಿಗೆ ಆಕ್ಷೇಪವನ್ನು ಬರೆದುಕೊಟ್ಟೆ. ‘ವಿದ್ಯಾರ್ಥಿಗಳೇ ಇದನ್ನು ಬಯಸುತ್ತಾರೆ’ ಎಂಬ ಉತ್ತರ ಬಂತು. ಬಯಸುತ್ತಾರೆ, ನಿಜ. ಬಯಸಿದ್ದನ್ನೆಲ್ಲ ಮಾರಲು ಇದು ಸಿಹಿತಿಂಡಿಯ ಅಂಗಡಿಯಲ್ಲವಲ್ಲ.

ಶುಲ್ಕದ ಲೆಕ್ಕವನ್ನು ಕೇಳಿದಾಗ ಸಂಸ್ಥೆ ಮುಚ್ಚುಮರೆ ಮಾಡದೆ ಕೊಟ್ಟಿತು, ಅದು ಮೆಚ್ಚತಕ್ಕ ವಿಷಯ. ಅತಿ ದೊಡ್ಡ ಪಾಲು ಹೋದದ್ದು ವಾಹನ, ಕಾಠ್ಮಂಡುವಿನ ಹೋಟೆಲು ಮತ್ತು ಕಚೇರಿಯ ಖರ್ಚಿಗೆ. ನಂತರದ್ದು ಆತಿಥ್ಯದ ಮನೆಗಳಿಗೆ, ಆಮೇಲೆ ಸಿಮೆಂಟು, ಕಬ್ಬಿಣ, ತಗಡಿಗೆ. ಎಲ್ಲಕ್ಕಿಂತ ಸಣ್ಣ ಪಾಲು ಮೇಸ್ತ್ರಿಯ ಕೂಲಿಯದು. ಇಡೀ ಕಟ್ಟಡ ನಿಂತಿರುವುದು ಆತನೊಬ್ಬನ ತಿಳಿವಳಿಕೆಯ ಮೇಲೆ ಎಂಬುದನ್ನು ನೆನೆದರೆ ಈ ಹಂಚಿಕೆ ತಲೆಕೆಳಗಾಗಿದೆ ಎಂದೇ ಹೇಳಬೇಕು. ಆ ಹಣವನ್ನೆಲ್ಲ ನೇರವಾಗಿ ಊರಿಗೇ ಕಳಿಸಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಗೋಡೆಯ ಮಟ್ಟಿಗೆ ಆ ಪ್ರಶ್ನೆ ಸರಿಯಾದದ್ದೇ, ಹಣವಿದ್ದರೆ ಮೇಸ್ತ್ರಿ ಇನ್ನಿಬ್ಬರನ್ನು ಜೊತೆಗೆ ಕರೆದುಕೊಂಡು ನಮಗಿಂತ ಬೇಗ, ನಮಗಿಂತ ನೆಟ್ಟಗೆ ಕಟ್ಟುತ್ತಾನೆ. ನಾಟಿಯ ಮಟ್ಟಿಗೆ ಅಲ್ಲ, ಏಕೆಂದರೆ ಆ ವಾರದಲ್ಲಿ ಹಣ ಕೊಡುತ್ತೇವೆಂದರೂ ಆಳು ಸಿಗುವುದಿಲ್ಲ.

ಸೇವೆ ಮುಗಿದ ಮೇಲಿನ ನಡವಳಿಕೆಗೂ ಅಂಕ ಕೊಡಬೇಕು. ಮಳೆ ನಿಂತ ಮೇಲೆ ದಸರೆ, ತಿಹಾರ್ (ಅಲ್ಲಿನ ದೀಪಾವಳಿ) ಹಬ್ಬಗಳನ್ನು ಕಳೆದು ಮೇಸ್ತ್ರಿ ಗೋಡೆಗಳನ್ನು ಎಬ್ಬಿಸಿದ. ಕಿಟಕಿ ಮತ್ತು ಬಾಗಿಲುಗಳ ಮೇಲಿನ ಪಟ್ಟಿಗೆ ಕಬ್ಬಿಣ ಕಟ್ಟಿದ ಹಂತದ ಚಿತ್ರಗಳನ್ನು, ಮೂಲೆಗಳಲ್ಲಿ ಅದು ತಿರುಗಿ ಬೆಸೆದಿರುವುದು ಕಾಣುವಂತೆ, ಸಂಸ್ಥೆ ನಾನು ಕೇಳದೆಯೇ ಕಳಿಸಿತು. ತಗಡು ಹೊದಿಸಿದ ಮೇಲೆ ಒಲೆ ಹೊಸ ಕೋಣೆಗೆ ಬಂದಿದೆ, ಹೊಗೆ ಹೋಗಲು ಕೊಳವೆಯಿದೆ.

ಕಳಿಸಬೇಕೆಂದಿರುವ ಕಾಲೇಜುಗಳು ಕಟ್ಟಡದ ಕೆಲಸಕ್ಕಾದರೆ ನವೆಂಬರಿನಿಂದ ಮಾರ್ಚಿಯವರೆಗಿನ ಒಣಹವೆಯಲ್ಲಿ ಕಳಿಸಲಿ, ಚಳಿಗೆ ದಪ್ಪ ಬಟ್ಟೆ ಬೇಕಾದೀತು ಅಷ್ಟೆ. ಜೂನ್ ಕೊನೆಗೇ ಹೋಗಬೇಕಾಗಿ ಬಂದರೆ ಗೋಡೆಯ ಮಾತು ಬಿಟ್ಟು ನಾಟಿಗೇ ಬರುತ್ತೇವೆಂದು ಮೊದಲೇ ಹೇಳಿ, ಅದಕ್ಕೆ ತಕ್ಕಂತೆ ಶುಲ್ಕದಲ್ಲಿನ ಸಾಮಗ್ರಿಯ ಪಾಲನ್ನು ಮೇಸ್ತ್ರಿಯ ಹೆಸರಿಗೆ ಬರೆಸಿಕೊಳ್ಳಲಿ. ಗದ್ದೆಯ ಕೆಲಸ ಕಂಡಿರುವ ಹಳ್ಳಿಯ ಮಕ್ಕಳು ತಂಡದಲ್ಲಿ ಅರ್ಧದಷ್ಟಾದರೂ ಇರಲಿ, ಶುಲ್ಕ ಕಟ್ಟಲಾಗದೆ ಹಿಂದುಳಿಯುವವರು ಸಾಮಾನ್ಯವಾಗಿ ಅವರೇ ಆದ್ದರಿಂದ ಕಾಲೇಜು ಅವರ ಪಾಲನ್ನು ಭರಿಸಬೇಕಾಗುತ್ತದೆ. ನಮ್ಮ ವಿಭಾಗ ಮುಂದಿನ ಸಾಲಿನಲ್ಲಿ ಜನವರಿ ತಿಂಗಳಿಗೆ ಇದೇ ಊರನ್ನು ಕೇಳಿದೆ. ಮಕ್ಕಳ ಮನೆಯ ಭೇಟಿಯನ್ನು ತೆಗೆದುಹಾಕಿದ ಕಾರ್ಯಕ್ರಮದ ಪಟ್ಟಿ ಸಂಸ್ಥೆಯಿಂದ ಲಿಖಿತವಾಗಿ ಕೈಸೇರಿದ ಮೇಲೆಯೇ ಮುಂಗಡ ಕಟ್ಟುತ್ತೇವೆಂದು ತಿಳಿಸಿದ್ದೇವೆ.